ಯಾರ ಪೈಕಿ?

ಪ್ರಿಯಾಂಕ ಕಿರುಚಿದ ರಭಸಕ್ಕೆ ಗಂಗಾಧರಸ್ವಾಮಿಯವರ ಕೈಯಲ್ಲಿದ್ದ ಲೋಟ ಅಲುಗಿ, ಅರ್ಧ ಟೀ ಅವರ ಬಿಳಿ ಅಂಗಿಯ ಪಾಲಾಯಿತು. ಚಾಮರಾಜನಗರದ ಭುವನೇಶ್ವರಿ ವೃತ್ತದ ಹತ್ತಿರ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ಅವರದೊಂದು ಚಿಕ್ಕ ಕಂಪ್ಯೂಟರ್ ಆಫೀಸು. ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು, ಪ್ರಿಂಟರ್ ಮಾರುವುದು, ಮಾರಿದ ಪ್ರಿಂಟರ್ ಕೆಟ್ಟು ವಾಪಸ್ ಬಂದಾಗ ಅದನ್ನು ಬೈಯುತ್ತ ರಿಪೇರಿ ಮಾಡುವುದು, ಇಷ್ಟೇ ಅಲ್ಲಿ ಅವರಿಗೂ, ಅವರ ಕೈಕೆಳಗಿದ್ದ ಪ್ರಿಯಾಂಕಳಿಗೂ ಕೆಲಸ. ಅಂಥ ಆಫೀಸಿನಲ್ಲಿ ಒಬ್ಬರು ಸಂತೋಷಕ್ಕೆ ಕಿರುಚಿದ್ದು ಅದೇ ಮೊದಲು.

"ಏನಾಯ್ತಮ್ಮಾ? ಶಾಕ್ ಹೊಡೀತಾ?" ಎಂದು ಸ್ವಾಮಿಯವರು ಗಾಬರಿಯಿಂದ ಎದ್ದರು.

"ದೊಡ್ಡಪ್ಪ ಒಪ್ಕೊಂಡ್‌ಬುಟ್ಟ ಸರ್!"

"ಒಳ್ಳೇದಾಯ್ತು. ಗಂಡು ಯಾವ ಊರು?"

ಪ್ರಿಯಾಂಕಳಿಗೆ ನಗು ತಡೆಯಲಾಗಲಿಲ್ಲ. ಇದು ಮದುವೆಯ ಮಾತಾಗಿರಲಿಲ್ಲ. ದೊಡ್ಡಪ್ಪ ಎಂದರೆ ಒಂದು ಕಂಪನಿ. ಪತ್ರ ತಲುಪಿಸುವುದರಿಂದ ಹಿಡಿದು ಫೋಟೊ ಕಾಪಾಡುವವರೆಗೆ ಎಲ್ಲವನ್ನೂ ತಾನೇ ಮಾಡುತ್ತೇನೆಂದು ಹೊರಟು, ಈಚೆಗೆ ಫೋನಿನೊಳಗೇ ಒಂದು ಸಂತೆಯನ್ನೂ ಕಟ್ಟಿಕೊಂಡು ಕೂತಿರುವ ಭಾರೀ ಇಂಟರ್‌ನೆಟ್ ಕಂಪನಿ. ಅದರ ಹೆಸರು ಇಲ್ಲಿ ಬೇಡ, ಅದಕ್ಕೆ ಈಗಾಗಲೇ ಬೇಕಾದಷ್ಟು ಪ್ರಚಾರವಿದೆ. ದೊಡ್ಡಪ್ಪ ಎಂಬ ಹೆಸರಿಟ್ಟವಳು ಪ್ರಿಯಾಂಕಳ ತಾಯಿ ಸಣ್ಣತಾಯಮ್ಮ. "ಎಲ್ಲದಕ್ಕೂ ಅವ್ನೇ ಮುಂದೆ ಬಂದು ಕುಂತ್ಕತಾನೆ. ಮದ್ವೆ ಮನೆ ದೊಡ್ಡಪ್ಪ ಇದ್ದಂಗೆ" ಎಂದು ಅವಳು ಒಂದು ಸಲ ಹೇಳಿದ್ದೇ ತಡ, ಅವಳ ಊರು ಹಂಗಳದ ಹೆಂಗಸರ ಬಾಯಲ್ಲಿ ಅದು ಅಂಟಿಕೊಂಡುಬಿಟ್ಟಿತು.

ಈ ದೊಡ್ಡಪ್ಪನಿಗೂ ಹಂಗಳಕ್ಕೂ ಏನು ಜಗಳ ಎಂಬುದನ್ನು ಮೊದಲು ಹೇಳಬೇಕು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೊರಟರೆ ಹಂಗಳ ಸಿಗುತ್ತದೆ. ಮಳೆ ಹಿಡಿದ ಮೇಲೆ ಆ ರಸ್ತೆಯ ಎರಡೂ ಬದಿಗೆ ಚೆಂಡು ಹೂವು ಅರಳಿ ನಿಲ್ಲುತ್ತದೆ. ಕೇರಳದ ಕಾರುಗಳು ಸಾಲಾಗಿ ನಿಂತು, ಹೊಲದ ನಡುವೆ ನುಗ್ಗಿ, ಫೋಟೊ ತೆಗೆಸಿಕೊಂಡು, ಹೋಗುವಾಗ ಒಂದೆರಡು ಗಿಡ ತುಳಿದೇ ಹೋಗುತ್ತವೆ. ಓಣಂ ಹಬ್ಬ ಬಂತೆಂದರೆ ಅಲ್ಲಿನ ಅಂಗಳಗಳ ಪೂಕ್ಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಇಲ್ಲಿಯ ಹೂವೇ ಆಗಬೇಕು. ಸಣ್ಣತಾಯಮ್ಮ ಮತ್ತು ಅವಳ ಕೇರಿಯ ಹೆಂಗಸರು ತುಂಡು ಹೊಲಗಳಲ್ಲಿ, ಗುತ್ತಿಗೆಗೆ ಹಿಡಿದ ಹೊಲಗಳಲ್ಲಿ ಆ ಹೂವು ಬೆಳೆಯುತ್ತಿದ್ದರು. ಬೆಳೆದದ್ದನ್ನು ಗುಂಡ್ಲುಪೇಟೆಯ ಸೋಮಶೇಖರ್ ಅವರ ಹೂವಿನ ಮಂಡಿಗೆ ಹಾಕುತ್ತಿದ್ದರು. ಅಲ್ಲಿಂದ ಮುಂದೆ ಹೂವು ಎಲ್ಲಿಗೆ ಹೋಯಿತು, ಯಾರ ಅಂಗಳ ತುಂಬಿತು ಎಂಬುದು ಇವರಿಗೆ ತಿಳಿಯುತ್ತಿರಲಿಲ್ಲ.

ಗುಂಡ್ಲುಪೇಟೆ ಕಾಲೇಜಿನಲ್ಲಿ ಬಿಸಿಎ ಮುಗಿಸಿದ ಪ್ರಿಯಾಂಕಳಿಗೆ ಇದು ಸರಿ ಕಾಣಲಿಲ್ಲ. ಸಂಘ ಕಟ್ಟಿಸಿದಳು. ಒಂದು ಮಧ್ಯಾಹ್ನ ಹಾಲಿನ ಡೈರಿಯ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ, ದೊಡ್ಡಪ್ಪನ ಸಂತೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಖಾತೆ ತೆರೆದಳು. ಮೊದಲ ವರ್ಷ ವ್ಯಾಪಾರ ಕುದುರಿತು. ಕೇರಳದವರು ನೇರವಾಗಿ ಫೋನ್ ಮಾಡಿ "ಪೂವು ಉಂಡೋ ಚೇಚೀ?" ಎಂದು, ಅಂದರೆ ಹೂವಿದೆಯಾ ಅಕ್ಕಾ ಎಂದು, ಕೇಳುವುದು, ಸಣ್ಣತಾಯಮ್ಮ "ಉಂಡೂ ಉಂಡೂ" ಎಂದು ಎಳೆದು ಹೇಳುವುದು, ಹೆಂಗಸರೆಲ್ಲ ಬಿದ್ದು ಬಿದ್ದು ನಗುವುದು, ಹೀಗೆ ನಡೆದಿತ್ತು.

ಮರುವರ್ಷ, ಓಣಂ ಹತ್ತಿರ ಬಂದಾಗ, ಎಲ್ಲ ಖಾತೆಗಳೂ ಒಟ್ಟಿಗೆ ಮುಚ್ಚಿಹೋದವು.

ಅದರಲ್ಲಿ ಪ್ರಿಯಾಂಕಳದೂ ತಪ್ಪಿತ್ತು, ಆದರೆ ಅಂಥ ತಪ್ಪು ನಮ್ಮ ಸೀಮೆಯವರು ಮಾತ್ರ ಮಾಡಲು ಸಾಧ್ಯ. ಮಾದಪ್ಪನ ಬೆಟ್ಟ ಇರುವ ಜಿಲ್ಲೆಯಿದು. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಮಾದಪ್ಪನ ಹೆಸರಿಗೇ ಮೀಸಲು. ಆ ಜಗಲಿಯ ಮೇಲೆ ಕೂತವರಲ್ಲಿ ಮಾದಮ್ಮ, ಚಿಕ್ಕಮಾದಮ್ಮ, ಪುಟ್ಟಮಾದಮ್ಮ, ಮಾದೇವಮ್ಮ, ಮತ್ತೂ ಮಾದಮ್ಮ. ಗಂಡನ ಹೆಸರು ಕೇಳಿದರೆ ಮಾದಯ್ಯ, ಮಾದೇವ, ಮಾದೇಶ. ಹುಟ್ಟಿದ ದಿನ ಯಾವುದೆಂದರೆ ಅವರಿಗೇನು ಗೊತ್ತು? ಆಧಾರ್ ಮಾಡಿಸುವಾಗ ಅಲ್ಲಿದ್ದವನು ಎಲ್ಲರಿಗೂ ಜನವರಿ ಒಂದು ಎಂದು ಒತ್ತಿ ಮುಂದೆ ಕಳಿಸಿದ್ದ. ಇದರ ಮೇಲೆ ಪ್ರಿಯಾಂಕ ಎಲ್ಲ ಖಾತೆಯನ್ನೂ ತನ್ನ ಒಂದೇ ಫೋನಿನಿಂದ ತೆರೆದಿದ್ದಳು. ದೊಡ್ಡಪ್ಪನ ಯಂತ್ರ ಇದನ್ನೆಲ್ಲ ಕೂಡಿಸಿ, ಭಾಗಿಸಿ, ಒಂದೇ ಹೆಸರು, ಒಂದೇ ಹುಟ್ಟಿದ ದಿನ, ಒಂದೇ ಫೋನು, ಆದ್ದರಿಂದ ಇವರೆಲ್ಲ ವೇಷ ಹಾಕಿಕೊಂಡ ಒಬ್ಬಳೇ ಹೆಂಗಸು ಎಂದು ತೀರ್ಮಾನಿಸಿತು. ಪ್ರಿಯಾಂಕ ಬರೆದ ಮನವಿಗಳಿಗೆಲ್ಲ ಆ ಯಂತ್ರವೇ ಉತ್ತರ ಕೊಡುತ್ತಿತ್ತು. ಬಾಗಿಲು ಹಾಕಿದವನೇ ಒಳಗಿನಿಂದ 'ಮನೆಯಲ್ಲಿ ಯಾರೂ ಇಲ್ಲ' ಎಂದ ಹಾಗೆ.

ಹೂವು ಕಾಯುವುದಿಲ್ಲವಲ್ಲ. ಮತ್ತೆ ಮಂಡಿಯೇ ಗತಿಯಾಯಿತು. ಸೋಮಶೇಖರ್ ಕೆಟ್ಟವರೇನೂ ಅಲ್ಲ. ಹೂವು ತೆಗೆದುಕೊಂಡರು, ಕೊಡುವುದನ್ನು ಕೊಟ್ಟರು, ದೊಡ್ಡಪ್ಪನ ಸಂತೆಯಲ್ಲಿ ತಮ್ಮದೇ ಖಾತೆ ತೆರೆದು ಕೇರಳಕ್ಕೆ ಮಾರಿದರು. ಹೂವಿನ ಜತೆಗೆ ಫೋಟೊಗಳನ್ನೂ ಹಾಕಿದರು. ಒಂದು ಫೋಟೊದಲ್ಲಿ ಸಣ್ಣತಾಯಮ್ಮ ಮಂಕರಿ ತುಂಬ ಹೂವು ಹೊತ್ತು ನಗುತ್ತಿದ್ದಳು. ಕೆಳಗೆ, 'ಎಸ್.ಜಿ. ಫ್ಲವರ್ಸ್, ನಮ್ಮ ಸ್ವಂತ ತೋಟದಿಂದ' ಎಂದು ಬರೆದಿತ್ತು. ಸಣ್ಣತಾಯಮ್ಮ ಅದನ್ನು ಮಗಳ ಫೋನಿನಲ್ಲಿ ಕೂಡಿಸಿ ಕೂಡಿಸಿ ಓದಿ, ಮರುದಿನ ಬಸ್ಸು ಹತ್ತಿ ಮಂಡಿಗೆ ಹೋಗಿ, ತನ್ನ ಹೆಸರು ಯಾಕಿಲ್ಲ ಎಂದು ಕೇಳಿದಳು. ಸೋಮಶೇಖರ್ ಜೋರಾಗಿ ನಕ್ಕರು.

"ಹೂವು ಹೋಯ್ತಲ್ಲ ಸಣ್ಣತಾಯಿ, ಆಯ್ತು. ಹೆಸ್ರು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ಅವಳು ಮಾತಾಡದೆ ಬಂದುಬಿಟ್ಟಳು. ಸಣ್ಣತಾಯಮ್ಮ ಮಾತಾಡದೆ ಬಂದಳು ಎಂದರೆ ಅದು ಎಷ್ಟು ನಾಟಿತ್ತು ಎಂಬುದು ಕೇರಿಗೆಲ್ಲ ತಿಳಿಯಿತು. ಪ್ರಿಯಾಂಕಳಿಗೆ ಅವ್ವ ಬೈದಿದ್ದರೆ ಸಮಾಧಾನವಿತ್ತು. ಅವ್ವ ಬೈಯಲಿಲ್ಲ. "ನೀನೇನ್ ಮಾಡೀಯೆ ಬುಡು" ಎಂದಳು. ಆ ಮಾತು ಪ್ರಿಯಾಂಕಳನ್ನು ಸುಡುತ್ತಲೇ ಇತ್ತು.

ಪ್ರಿಯಾಂಕ ಸುಮ್ಮನೆ ಕೂರುವ ಜಾತಿಯಲ್ಲ. ಹುಡುಕುತ್ತ ಹುಡುಕುತ್ತ ಅವಳಿಗೆ ಒಂದು ವಿದ್ಯೆ ಸಿಕ್ಕಿತು. ಜಗತ್ತಿನ ಬೇರೆ ಬೇರೆ ಕಡೆಯ ಕಂಪ್ಯೂಟರ್ ಜನ ಕೂಡಿಕೊಂಡು ಒಂದು ಪದ್ಧತಿ ಮಾಡಿದ್ದರು. ಲಾಗಿನ್ ಆಗಲು ದೊಡ್ಡ ಕಂಪನಿಯ ಹತ್ತಿರ ಖಾತೆ ತೆರೆಯಬೇಕಾಗಿಲ್ಲ. ನಮ್ಮದೇ ಒಂದು ವಿಳಾಸ, ಅದನ್ನು ಕಾಯುವ ನಮ್ಮದೇ ಒಂದು ಮನೆ ಇದ್ದರೆ ಸಾಕು. ಯಾವ ಬಾಗಿಲಿಗೆ ಹೋದರೂ ಆ ವಿಳಾಸ ಹೇಳುವುದು, ಬಾಗಿಲಿನವನು ನಮ್ಮ ಮನೆಗೆ ಬಂದು 'ಇವರು ನಿಮ್ಮವರೇನು?' ಎಂದು ಕೇಳುವುದು, ಮನೆ 'ಹೌದು' ಎನ್ನುವುದು. ನಮ್ಮ ಗುಟ್ಟಿನ ಪದ ನಮ್ಮ ಮನೆ ದಾಟಿ ಹೋಗುವುದೇ ಇಲ್ಲ. ಅಂಥ ಮನೆಯನ್ನು ಯಾರು ಬೇಕಾದರೂ ಕಟ್ಟಬಹುದು, ಅದಕ್ಕೆ ಒಬ್ಬ ಯಜಮಾನ ಎಂಬುದಿಲ್ಲ.

ಅವ್ವನಿಗೆ ಇದನ್ನು ಹೇಳುವುದು ಹೇಗೆಂದು ಪ್ರಿಯಾಂಕ ಒದ್ದಾಡಿದ್ದಳು. ಕೇಳಿ ಮುಗಿಸಿದ ಸಣ್ಣತಾಯಮ್ಮ, "ಇದಕ್ ಯಾಕ್ ಇಷ್ಟ್ ಸುತ್ತಾಕೊಂಡ್ ಬತ್ತೀಯೆ? ಯಾರ ಪೈಕಿ ಅಂತ ಕೇಳೋದಲ್ವೇನಮ್ಮಿ ಇದು?" ಎಂದಳು.

ಪ್ರಿಯಾಂಕ ಬಾಯಿ ತೆರೆದುಕೊಂಡು ಕೂತಳು. ಹೌದಲ್ಲ! ನಮ್ಮ ಹಳ್ಳಿಗಳಿಗೆ ಹೊಸಬರು ಬಂದರೆ ಹೆಸರು ಆಮೇಲೆ, ಮೊದಲ ಪ್ರಶ್ನೆಯೇ 'ಯಾರ ಪೈಕಿ?', ಅಂದರೆ ಯಾರ ಕಡೆಯವರು, ಎಂಬುದು. 'ಕುಂಟಯ್ಯನ ಪೈಕಿ' ಎಂದರೆ ಸಾಕು, ಕುಂಟಯ್ಯನ ಮನೆಯವರು ಹೌದೆಂದರೆ ಮುಗಿಯಿತು, ನೀರು ಬರುತ್ತದೆ, ಊಟಕ್ಕೆ ಎಲೆ ಬೀಳುತ್ತದೆ. ಯಾರೂ ಕಾರ್ಡು ಕೇಳುವುದಿಲ್ಲ. ಅವಳು ಕಟ್ಟಿದ ವಿಳಾಸದ ಮನೆಗೆ ಪೈಕಿ ಎಂದೇ ಹೆಸರಾಯಿತು. ಎಷ್ಟೇ ಮಾದಮ್ಮಂದಿರಿದ್ದರೂ ಇನ್ನು ಚಿಂತೆಯಿಲ್ಲ. ಒಬ್ಬಳು ಮಾದಮ್ಮ.ಕುಂಟಯ್ಯನಪೈಕಿ.ಹಂಗಳ, ಇನ್ನೊಬ್ಬಳು ಮಾದಮ್ಮ.ಮೂಲೆಮನೆಪೈಕಿ.ಹಂಗಳ. ಸಂಘದ ಇಬ್ಬರು ಹೆಂಗಸರು 'ಇವಳು ನಮ್ಮವಳು' ಎಂದರೆ ಮಾತ್ರ ವಿಳಾಸ ಸಿಗುತ್ತಿತ್ತು. ಅದನ್ನೆಲ್ಲ ಕಾಯುವ ಚಿಕ್ಕ ಕಂಪ್ಯೂಟರು ಗಂಗಾಧರಸ್ವಾಮಿಯವರ ಆಫೀಸಿನ ಮೂಲೆಯಲ್ಲಿ, ಹಳೆಯ ಪ್ರಿಂಟರುಗಳ ನಡುವೆ ಗುಂಯ್ಗುಡುತ್ತ ಕೂತಿತು.

ಆದರೆ ದೊಡ್ಡಪ್ಪ ಈ ಪದ್ಧತಿಯನ್ನು ಒಪ್ಪಿರಲಿಲ್ಲ. ಒಂದು ಕನ್ನಡ ಪುಸ್ತಕದ ಅಂಗಡಿ, ಯಾವುದೋ ದೇಶದ ಚೆಸ್ ಆಟದ ಸೈಟು, ಇಂಥ ಬೆರಳೆಣಿಕೆಯ ಬಾಗಿಲುಗಳು ಮಾತ್ರ ಆ ವಿಳಾಸಕ್ಕೆ ತೆರೆಯುತ್ತಿದ್ದವು. ಹಂಗಳದ ಹೆಂಗಸರಿಗೆ ಚೆಸ್ ಕಟ್ಟಿಕೊಂಡು ಏನಾಗಬೇಕು? "ಕೀಲಿ ಚೆನ್ನಾಗಿ ಮಾಡಿದೀಯಮ್ಮ, ಬೀಗ ಎಲ್ಲಿ?" ಎಂದು ಸ್ವಾಮಿಯವರು ದಿನಾ ರೇಗಿಸುತ್ತಿದ್ದರು. ಪ್ರಿಯಾಂಕ ಹಲ್ಲು ಕಚ್ಚಿಕೊಂಡು, "ಬತ್ತದೆ ಸರ್" ಎನ್ನುತ್ತಿದ್ದಳು.

ಈಗ ಬಂದಿತ್ತು. ದೊಡ್ಡಪ್ಪ ತನ್ನ ಎಲ್ಲ ಸೇವೆಗಳಿಗೂ ಆ ಪದ್ಧತಿಯನ್ನು ಒಪ್ಪಿಕೊಂಡಿದ್ದೇನೆಂದು ಜಗತ್ತಿಗೇ ಸಾರಿದ್ದ. ಪ್ರಿಯಾಂಕ ಅದನ್ನು ಸ್ವಾಮಿಯವರಿಗೆ ಓದಿ ಹೇಳಿದಳು. ಸ್ವಾಮಿಯವರು ಅಂಗಿಯ ಟೀ ಕಲೆಯನ್ನೂ ಮರೆತು ಕೇಳಿ, ಕೊನೆಗೆ, "ಅಂತೂ ಬೀಗ ಬಂತು" ಎಂದರು. ರೇಗಿಸಿದ್ದಕ್ಕೆ ತಪ್ಪಾಯಿತು ಎಂದು ಅವರು ಹೇಳುವ ರೀತಿ ಅದು.

ಆದರೆ ಒಂದು ಷರತ್ತು ಇತ್ತು. ಸಂತೆಯಲ್ಲಿ ಮಾರಲು ಬರುವವರ ವಿಳಾಸದ ಮನೆಯನ್ನು ಕಂಪನಿಯವರು ಒಮ್ಮೆ ನೋಡಿ ಒಪ್ಪಬೇಕು. 'ನಿಮ್ಮ ಸದಸ್ಯರನ್ನು ನೀವು ಹೇಗೆ ಗುರುತಿಸುತ್ತೀರಿ?' ಎಂದು ಅರ್ಜಿಯಲ್ಲಿ ಕೇಳಿದ್ದರು.

"ಸ್ವಲ್ಪ ಭಾರವಾಗಿ ಬರಿ. ಬಹುಹಂತದ ಪರಿಶೀಲನೆ, ಅದೂ ಇದೂ ಅಂತ" ಎಂದು ಸ್ವಾಮಿಯವರು ಬುದ್ಧಿ ಹೇಳಿದರು.

ಪ್ರಿಯಾಂಕ ಹಾಗೆ ಬರೆದೂ ನೋಡಿದಳು. ಓದಿದರೆ ಅದು ಯಾರದೋ ಮನೆಯ ಮಾತಿನಂತೆ ಕಂಡಿತು. ಅಳಿಸಿದಳು. 'ನಮ್ಮಲ್ಲಿ ಯಾರ ಪೈಕಿ ಎಂದು ಕೇಳುತ್ತೇವೆ. ಇಬ್ಬರು ಹೌದೆಂದರೆ ಸೇರಿಸಿಕೊಳ್ಳುತ್ತೇವೆ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿಬಿಟ್ಟಳು. ಕಳಿಸಿದ ಮೇಲೆ ಗಳಿಗೆಗೊಮ್ಮೆ ಫೋನ್ ತೆರೆದು ನೋಡತೊಡಗಿದಳು. ಹೊಲದಲ್ಲಿ ಮೊಗ್ಗು ಕಟ್ಟಿತ್ತು. ಓಣಂ ಹೆಚ್ಚು ದೂರವಿರಲಿಲ್ಲ. ಈ ಸಲವೂ ಬಾಗಿಲು ತೆರೆಯದಿದ್ದರೆ ಅವ್ವನ ಹೂವು ಮತ್ತೆ ಇನ್ನೊಬ್ಬರ ಹೆಸರಿನಲ್ಲಿ ಗಡಿ ದಾಟುತ್ತದೆ, ಅದಕ್ಕೆ ಕಾರಣ ತಾನೇ ಆಗುತ್ತೇನೆ ಎಂಬ ಭಯ ಅವಳನ್ನು ಬಿಡಲಿಲ್ಲ.

ಉತ್ತರ ಬಂತು. ಬೆಂಗಳೂರಿನ ಕಚೇರಿಯಿಂದ ತೇಜಸ್ವಿನಿ ಎಂಬ ಅಧಿಕಾರಿ ವಿಡಿಯೊ ಕರೆ ಮಾಡುತ್ತಾರೆ, ಸದಸ್ಯರೆಲ್ಲ ಹಾಜರಿರಬೇಕು ಎಂದಿತ್ತು. ಯಂತ್ರವಲ್ಲ, ಮನುಷ್ಯರು! ಪ್ರಿಯಾಂಕಳಿಗೆ ಅರ್ಧ ಗೆದ್ದಷ್ಟು ಸಂತೋಷವಾಯಿತು.

ಡೈರಿಯ ಜಗಲಿಯ ಮೇಲೆ ಹೆಂಗಸರು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಮುಡಿಯಲ್ಲಿ ಹೂವಿಟ್ಟು ಒತ್ತೊತ್ತಾಗಿ ಕೂತರು. ಲ್ಯಾಪ್‌ಟಾಪನ್ನು ಹಾಲಿನ ಕ್ಯಾನುಗಳ ಮೇಲೆ ಇಟ್ಟಿದ್ದಾಯಿತು. ಪರದೆಯ ಮೇಲೆ ಕನ್ನಡಕ ಹಾಕಿಕೊಂಡ ಒಬ್ಬ ಹೆಣ್ಣುಮಗಳು ಕಾಣಿಸಿಕೊಂಡಳು.

"ನಮಸ್ಕಾರ ಎಲ್ರಿಗೂ. ನಾನು ತೇಜಸ್ವಿನಿ. ಹೆದರ್ಕೋಬೇಡಿ, ಸುಮ್ನೆ ಒಂದೆರಡು ಪ್ರಶ್ನೆ ಅಷ್ಟೆ. ಮೊದಲು ಮಾದಮ್ಮ ಅವರು ಕೈ ಎತ್ತಿ."

ಜಗಲಿಯ ಮುಕ್ಕಾಲು ಪಾಲು ಕೈ ಮೇಲೆದ್ದಿತು.

ತೇಜಸ್ವಿನಿ ಕನ್ನಡಕ ಸರಿಪಡಿಸಿಕೊಂಡಳು. ಆಯಿತು, ಮತ್ತೆ ಅದೇ ಕಥೆ, ಎಂದುಕೊಂಡಳು ಪ್ರಿಯಾಂಕ. ಅಷ್ಟರಲ್ಲಿ ಸಣ್ಣತಾಯಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು.

"ಇಂಗೆ ಎಸ್ರು ಕೂಗುದ್ರೆ ನಮ್ಮೂರಲ್ಲಿ ಎಲ್ರೂ ಬತ್ತಾರೆ ಕಣವ್ವ. ಅದ್ಸರಿ, ನೀನ್ ಯಾರ ಪೈಕಿ?"

"ನಾನು ಕಂಪನಿ ಕಡೆಯಿಂದ..."

"ಕಂಪ್ನಿ ಇರ್ಲಿ. ನೀನೇ ತೇಜಸ್ವಿನಿ ಅಂತ ನಮ್ಗೆಂಗೆ ಗೊತ್ತಾಯ್ತದೆ? ಫೋನಲ್ಲಿ ಮೋಸ ಮಾಡೋರು ಬೇಕಾದಷ್ಟ್ ಜನ ಅವ್ರೆ."

"ಅವ್ವಾ!" ಎಂದು ಪ್ರಿಯಾಂಕ ಹಿಂದಿನಿಂದ ಸೀರೆ ಎಳೆದಳು. ತೇಜಸ್ವಿನಿ ಕೊರಳಲ್ಲಿದ್ದ ಕಾರ್ಡನ್ನು ಎತ್ತಿ ತೋರಿಸಿದಳು.

"ಕಾರ್ಡ್ ನಂತಾವೂ ಅದೆ" ಎಂದಳು ಸಣ್ಣತಾಯಮ್ಮ. "ಅದ್ರಲ್ಲಿ ನಾನು ಜನವರಿ ಒಂದ್ನೇ ತಾರೀಕು ಉಟ್ಟಿವ್ನಿ. ನಮ್ಮವ್ವ ಏಳೋದು, ಮುಂಗಾರು ಬಿತ್ತನೇಲಿ ಉಟ್ದೆ ಅಂತ. ಕಾರ್ಡ್ ಬುಡು. ನಿನ್ನ ಹೌದು ಅನ್ನೋರು ಯಾರವ್ರೆ?"

ಪ್ರಿಯಾಂಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ತೇಜಸ್ವಿನಿ ನಗುವುದು ಕೇಳಿಸಿತು. ಕಚೇರಿಯ ನಗುವಲ್ಲ ಅದು, ಹೊಟ್ಟೆಯಿಂದ ಬಂದ ನಗು. ಅವಳು ಪಕ್ಕಕ್ಕೆ ತಿರುಗಿ, "ಹರ್ಷಿತಾ, ಸ್ವಲ್ಪ ಬಾರೆ ಇಲ್ಲಿ. ನಾನು ಯಾರು ಅಂತ ಇವ್ರಿಗೆ ಹೇಳು" ಎಂದಳು. ಇನ್ನೊಂದು ಮುಖ ಪರದೆಯೊಳಗೆ ಇಣುಕಿತು.

"ಇವ್ಳು ನಮ್ಮ ತೇಜು ಆಂಟಿ. ಗ್ಯಾರಂಟಿ."

"ಎಂತೋಳು ಇವ್ಳು?" ಎಂದಳು ಸಣ್ಣತಾಯಮ್ಮ.

"ಒಳ್ಳೆಯವಳೇ. ಆದ್ರೆ ಮನೆಯಿಂದ ತಂದ ಊಟದ ಡಬ್ಬಿ ಯಾರಿಗೂ ಮುಟ್ಟಿಸಲ್ಲ."

ಜಗಲಿ ನಕ್ಕ ನಗುವಿಗೆ ಡೈರಿಯ ಕಾರ್ಯದರ್ಶಿ ಒಳಗಿನಿಂದ ಓಡಿ ಬಂದರು. "ಈಗ ಗೊತ್ತಾಯ್ತು ಬುಡು, ಇವ್ಳು ತೇಜಸ್ವಿನಿನೇಯ" ಎಂದು ಸಣ್ಣತಾಯಮ್ಮ ತೀರ್ಪು ಕೊಟ್ಟಳು.

ತೇಜಸ್ವಿನಿ ಕಣ್ಣೊರೆಸಿಕೊಂಡು, ಆದರೂ ಕೇಳಬೇಕಾದ್ದನ್ನು ಬಿಡದೆ ಕೇಳಿದಳು. "ಪೈಕಿ ಅಂದ್ರೆ ಏನು ಅಂತ ಅರ್ಥ ಆಯ್ತು ಅಮ್ಮ. ಆದ್ರೆ ಒಂದು ಹೇಳಿ. ಇಬ್ರು ಸೇರ್ಕೊಂಡು ಸುಳ್ಳು ಹೇಳಿದ್ರೆ?"

ಇದು ನಿಜವಾದ ಪ್ರಶ್ನೆಯೇ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡುತ್ತ ನೋಡುತ್ತ ಎಲ್ಲರ ಕಣ್ಣೂ ಮಹಾಲಕ್ಷ್ಮಮ್ಮನ ಮೇಲೆ ನಿಂತಿತು. ಕಂಬಕ್ಕೆ ಒರಗಿ ಕೂತಿದ್ದ ಮಹಾಲಕ್ಷ್ಮಮ್ಮನಿಗೆ ರೇಗಿಹೋಯಿತು.

"ನನ್ನ್ಯಾಕ್ ನೋಡೀರಿ ಎಲ್ಲಾ? ಆಯ್ತು, ನಾನೇ ಏಳ್ತೀನಿ ತಕಳಿ. ಮೈಸೂರಲ್ಲಿರೋ ನಮ್ಮ ತಂಗಿ ಮಗ್ಳು, ಊವಿನ ಗಿಡ ಮುಟ್ಟಿ ನೋಡ್ದೋಳಲ್ಲ, ಅವ್ಳನ್ನ ನಮ್ಮೋಳು ಅಂತ ಸೇರಿಸ್ದೆ ಕಣವ್ವ. ಗೊತ್ತಾಯ್ತು. ಅವ್ಳ ವಿಳಾಸನೂ ತಗುದ್ರು, ನಂದೂ ತಗುದ್ರು. ಯುಗಾದಿ ಮುಗಿಯೋಗಂಟ ನನ್ನ ಮಾತ್ಗೆ ಈ ಜಗ್ಲೀಲಿ ಬೆಲೆನೇ ಇರ್ಲಿಲ್ಲ. ನನ್ನ ಮಾತ ನಾಯಿನೂ ಕೇಳ್ತಿರ್ಲಿಲ್ಲ."

"ಆಮೇಲೆ?"

"ಆಮೇಲೇನು, ಇವ್ರೇ ಇಬ್ರು ಬಂದು ಮತ್ತೆ ನಮ್ಮೋಳು ಅಂದ್ರು. ಸೇರ್ಕೊಂಡೆ. ಇನ್ನೊಂದ್ ಸಲ ಅಂಥಾ ಕೆಲಸ ಮಾಡನಾ?"

"ಯಾರು ಯಾರಿಗೆ ಹೌದು ಅಂದ್ರು ಅನ್ನೋದು ನಮ್ಮ ಪೈಕಿಯಲ್ಲಿ ಉಳಿದಿರುತ್ತೆ ಮೇಡಂ" ಎಂದು ಪ್ರಿಯಾಂಕ ಮುಂದೆ ಬಂದು ಹೇಳಿದಳು. "ಸುಳ್ಳು ಅಂತ ಗೊತ್ತಾದ್ರೆ ಹೌದು ಅಂದವರ ಬಾಗಿಲೂ ಮುಚ್ಚುತ್ತೆ. ಹೋದ ವರ್ಷ ನಿಮ್ಮ ಯಂತ್ರ ಇವರೆಲ್ಲ ಒಬ್ಬಳೇ ಹೆಂಗಸು ಅಂತು. ಈಗ ನೀವೇ ನೋಡ್ತಿದೀರಲ್ಲ. ಇವರಲ್ಲಿ ಒಬ್ಬರ ಥರ ಇನ್ನೊಬ್ಬರು ಇದ್ದಾರಾ?"

ತೇಜಸ್ವಿನಿ ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. "ಇಲ್ಲ ಪ್ರಿಯಾಂಕ. ಖಂಡಿತ ಇಲ್ಲ" ಎಂದಳು.

ಆ ವಾರದಲ್ಲೇ, ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಸಾಯಂಕಾಲದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಪ್ರಿಯಾಂಕಳ ಫೋನಿಗೆ ಸಂದೇಶ ಬಂತು. ಪೈಕಿಯನ್ನು ಒಪ್ಪಲಾಗಿದೆ. ಅವಳು ಈ ಸಲ ಕಿರುಚಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು "ಯಾಕವ್ವ, ಏನಾಯ್ತು?" ಎಂದರೆ, "ಒಳ್ಳೇದಾಯ್ತು ಕಣಜ್ಜಿ" ಎಂದಷ್ಟೇ ಹೇಳಿ ಮೂಗು ಒರೆಸಿಕೊಂಡಳು. ಹಂಗಳದ ಬಸ್ಸಿಗೆ ಕಾಯುವ ವ್ಯವಧಾನವಿಲ್ಲದೆ ಗುಂಡ್ಲುಪೇಟೆಯಿಂದ ಆಟೊ ಹಿಡಿದಳು.

ಸಣ್ಣತಾಯಮ್ಮ ಹೊಲದ ಬದುವಿನ ಮೇಲೆ ಕೂತು ಮಂಕರಿಯ ಬಿಚ್ಚಿದ ಅಂಚನ್ನು ಹೆಣೆಯುತ್ತಿದ್ದಳು. ಮಗಳು ಫೋನನ್ನು ಕೈಗೆ ಕೊಟ್ಟು, "ನೀನೇ ಮಾಡವ್ವ, ನಾನ್ ಮುಟ್ಟಲ್ಲ" ಎಂದಳು. ಸಣ್ಣತಾಯಮ್ಮ ಒಂದೊಂದೇ ಅಕ್ಷರ ಒತ್ತಿ ತನ್ನ ವಿಳಾಸ ಬರೆದಳು. ದೊಡ್ಡಪ್ಪ ಪೈಕಿಯನ್ನು ಕೇಳಿದ. ಪೈಕಿ ಸಣ್ಣತಾಯಮ್ಮನ ಬೆರಳಚ್ಚು ಕೇಳಲಿಲ್ಲ. ಹೂವು ಕಿತ್ತು ಕಿತ್ತು ಸವೆದ ಆ ಬೆರಳನ್ನು ಯಾವ ಯಂತ್ರವೂ ಗುರುತಿಸುವುದಿಲ್ಲವೆಂದು ಗೊತ್ತಿದ್ದೇ ಪ್ರಿಯಾಂಕ ಅಲ್ಲಿ ಗುಟ್ಟಿನ ಪದ ಇಡಿಸಿದ್ದಳು.

"ಅತ್ಲಾಗ್ ತಿರುಕ್ಕೊ" ಎಂದಳು ಅವ್ವ.

"ನಾನ್ ನಿನ್ ಮಗಳು ಕಣವ್ವ!"

"ಮಗಳಾದ್ರೇನು? ಗುಟ್ಟು ಗುಟ್ಟೇಯ. ತಿರುಕ್ಕೊ ಅಂದ್ರೆ."

ಪ್ರಿಯಾಂಕ ನಗುತ್ತ ಚೆಂಡು ಹೂವಿನ ಕಡೆಗೆ ಮುಖ ಮಾಡಿ ನಿಂತಳು. ಮತ್ತೆ ಏನಾದರೂ ತಪ್ಪಾಯಿತೇ ಎಂದು ಅವಳು ತಿರುಗಿ ನೋಡಿದರೆ, ಸಣ್ಣತಾಯಮ್ಮ ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದಳು. 'ನಮಸ್ಕಾರ, ಸಣ್ಣತಾಯಮ್ಮ, ಹಂಗಳ' ಎಂದಿತ್ತು.

"ದೊಡ್ಡಪ್ಪ ನಮಸ್ಕಾರ ಅಂತವ್ನೆ ಕಣಮ್ಮಿ" ಎಂದಳು ಅವ್ವ.

ಅಲ್ಲಿಂದ ಮುಂದೆ ಯಾರಿಗೂ ಪುರುಸೊತ್ತಿರಲಿಲ್ಲ. ಒಬ್ಬೊಬ್ಬ ಮಾದಮ್ಮನೂ ತನ್ನ ತನ್ನ ಪೈಕಿ ಹೇಳಿಕೊಂಡು ದೊಡ್ಡಪ್ಪನ ಸಂತೆಗೆ ನುಗ್ಗಿದಳು. ಸಣ್ಣತಾಯಮ್ಮ ಮಂಕರಿ ಹೊತ್ತ ಹೊಸ ಫೋಟೊ ತೆಗೆಸಿಕೊಂಡು, ಕೆಳಗೆ ತನ್ನ ಹೆಸರನ್ನು ಕೊಂಚ ದೊಡ್ಡದಾಗಿಯೇ ಹಾಕಿಸಿದಳು. ಕೇರಳದ ಬತ್ತೇರಿಯಿಂದ, ಕಲ್ಪೆಟ್ಟದಿಂದ, ಕೋಳಿಕ್ಕೋಡಿನ ಒಂದು ಕ್ಲಬ್ಬಿನಿಂದ ಬೇಡಿಕೆ ಬಂತು. ಬತ್ತೇರಿಯ ಅಂಗಡಿಯವನು, "ಚೇಚೀ, ಹೋದ ವರ್ಷ ನಿಮ್ಮ ಫೋಟೊ ನೋಡಿದ್ದೆ, ಹೆಸರು ಬೇರೆ ಇತ್ತಲ್ಲ?" ಎಂದು ಮುರುಕು ಕನ್ನಡದಲ್ಲಿ ಕೇಳಿದ. "ಓದ್ವರ್ಷ ತಪ್ಪಾಗಿತ್ತು, ಈಗ ಸರಿಯಾಯ್ತು" ಎಂದಳು ಸಣ್ಣತಾಯಮ್ಮ.

ಒಂದೇ ತೊಡಕು. ಓಣಂ ಹೊತ್ತಿನಲ್ಲಿ ಗುಂಡ್ಲುಪೇಟೆಯಲ್ಲಿ ಗಾಡಿ ಸಿಗುವುದಿಲ್ಲ. ಎಲ್ಲ ಪಿಕಪ್ಪುಗಳೂ ಮೊದಲೇ ಬುಕ್ ಆಗಿರುತ್ತವೆ. ಹೆಂಗಸರು ಹೂವು ಕಿತ್ತು ರಾಶಿ ಹಾಕುತ್ತಿದ್ದ ದಿನ ಸೋಮಶೇಖರ್ ತಮ್ಮ ಪಿಕಪ್ಪಿನಲ್ಲಿ ಹಂಗಳಕ್ಕೆ ಬಂದಿಳಿದರು. ಹೊಲವನ್ನೊಮ್ಮೆ ನೋಡಿ, ತಲೆ ಕೆರೆದುಕೊಂಡರು.

"ಏನ್ ಸಣ್ಣತಾಯಿ, ಈ ಸಲ ಹೂವು ನಮ್ಮ ಮಂಡಿ ಕಡೆ ಮುಖನೇ ಹಾಕಿಲ್ವಲ್ಲ?"

"ಆಕಲ್ಲ ಸೋಮಣ್ಣೋರೆ. ಈಗ ನಮ್ದೇ ಬಾಗ್ಲು ಆಗದೆ. ನಿಮ್ ಗಾಡಿ ಕಾಲಿ ಇದ್ರೆ ಕೊಡಿ, ಬಾಡ್ಗೆ ತಕಳಿ."

ಸೋಮಶೇಖರ್ ಮುಖ ಕೆಂಪಾಯಿತು, ಆಮೇಲೆ ಸಡಿಲವಾಯಿತು. ವ್ಯಾಪಾರಸ್ಥರು, ಗಾಳಿ ಯಾವ ಕಡೆ ತಿರುಗಿದೆ ಎಂದು ತಿಳಿಯಲು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಡ್ರೈವರ್ ರಜ ಹಾಕವ್ನೆ. ನಾನೇ ಓಡಿಸ್ಕೊಂಡು ಬರ್ತೀನಿ ನಡಿ" ಎಂದರು.

ಮರುದಿನ ಬ್ಯಾಟರಿ ಬೆಳಕಿನಲ್ಲಿ ಹೂವು ತುಂಬಿಸಿ, ಗುಂಡ್ಲುಪೇಟೆ ದಾಟಿ, ಕೇರಳದ ರಸ್ತೆ ಹಿಡಿದು, ಕಾಡಂಚಿನ ಮದ್ದೂರು ಚೆಕ್‌ಪೋಸ್ಟಿಗೆ ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ರಾತ್ರಿಯೆಲ್ಲ ಮುಚ್ಚಿರುವ ಕಾಡಿನ ರಸ್ತೆ ತೆರೆಯುವುದನ್ನು ಕಾಯುತ್ತ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮುಂದಿನ ಸೀಟಿನಲ್ಲಿ ಸೋಮಶೇಖರ್ ಪಕ್ಕ ಪ್ರಿಯಾಂಕ, ಕಿಟಕಿಯ ಕಡೆಗೆ ಸಣ್ಣತಾಯಮ್ಮ. ಅವಳು ಹುಟ್ಟಿದಾಗಿನಿಂದ ಕಾಡಿನ ಅಂಚಿನಲ್ಲಿಯೇ ಇದ್ದರೂ ಈ ಗೇಟು ದಾಟಿದವಳಲ್ಲ. ಅವಳ ಹೂವು ಎಷ್ಟೋ ಸಲ ದಾಟಿತ್ತು.

ಇವರ ಸರದಿ ಬಂದಾಗ ಗಾರ್ಡು ಗಾಡಿಯ ಹಿಂದೆ ಟಾರ್ಚು ಹಾಕಿ ನೋಡಿ, ಸೋಮಶೇಖರ್ ಕಡೆಗೆ ಬಂದ. ವರ್ಷಗಳ ಪರಿಚಯ.

"ಏನ್ ಸೋಮಣ್ಣ, ಓಣದ್ ಊವಾ? ಈ ಸಲ ಬಾರಿ ಲೋಡು ಒಡ್ದಿದೀರಿ. ಎಲ್ಲಾ ನಿಮ್ದೇಯ?"

ಸೋಮಶೇಖರ್ ಸ್ಟೇರಿಂಗ್ ಮೇಲೆ ಬೆರಳಾಡಿಸಿದರು. ಪ್ರಿಯಾಂಕ ಅವರ ಕಡೆ ನೋಡಲಿಲ್ಲ. ನೋಡದೆ ಕಾದಳು.

"ನಮ್ದಲ್ಲ ಕಣಪ್ಪ" ಎಂದರು ಸೋಮಶೇಖರ್. "ಗಾಡಿ ಮಾತ್ರ ನಂದು. ಹೂವು ಸಣ್ಣತಾಯಮ್ಮೋರ್ದು."

ಇಷ್ಟು ವರ್ಷ ಸಣ್ಣತಾಯಿ ಎಂದು ಕರೆದ ಬಾಯಲ್ಲಿ ಆ 'ಅಮ್ಮೋರು' ಬಂದದ್ದನ್ನು ಪ್ರಿಯಾಂಕ ಕೇಳಿದಳು. ಅವ್ವನೂ ಕೇಳಿದಳೆಂದು ಅವಳಿಗೆ ಗೊತ್ತಾಯಿತು, ಏಕೆಂದರೆ ತನ್ನ ತೊಡೆಯ ಮೇಲಿದ್ದ ಅವ್ವನ ಕೈ ಬಿಗಿಯಾಯಿತು.

"ಯಾರಪ್ಪ ಅದು ಸಣ್ಣತಾಯಮ್ಮೋರು? ನಾನ್ ಕೇಳೇ ಇಲ್ವಲ್ಲ?" ಎಂದ ಗಾರ್ಡು.

ಸಣ್ಣತಾಯಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನಾನೇ ಕಣ್ಲಾ. ಗೇಟ್ ಎತ್ತು."